ನದಿ ದಾಟಿ ಬಂದ ಶ್ಯಾವಿಗೆ



ಅತಿಥಿಗೆ ಬಡಿಸುವ ಧರ್ಮವನ್ನು ಕುರಿತು ಮೂವತ್ತು ವರ್ಷಗಳಿಗೂ ಮಿಕ್ಕು ಮಕ್ಕಳಿಗೆ ಪಾಠ ಹೇಳಿದವನು ನಾನು. ಅತಿಥಿಯಾಗಿ ಉಣ್ಣುವುದಕ್ಕೂ ಒಂದು ಧರ್ಮವುಂಟೆಂಬುದನ್ನು ಕಲಿತದ್ದು ಮಾತ್ರ ನಿವೃತ್ತನಾದ ಮೇಲೆ. ಅದೂ ಸಂಸ್ಕೃತವನ್ನಾಗಲಿ ಕನ್ನಡವನ್ನಾಗಲಿ ಅರಿಯದ ಒಬ್ಬ ವೃದ್ಧೆಯಿಂದ. ಆ ಪಾಠವು ನಡೆದದ್ದು ಅಡಿಗೆಯ ಮನೆಯಲ್ಲಿ. ಈ ತಿಂಗಳ ಮಾತು ಅದನ್ನೇ ಕುರಿತದ್ದಾದುದರಿಂದ, ಗೃಹಿಣಿಯರು ಇದನ್ನು ಪಾಕದ ವಿಷಯವೆಂದೂ ಮಿಕ್ಕವರು ನಡತೆಯ ವಿಷಯವೆಂದೂ ಓದಿಕೊಳ್ಳಬಹುದು.

ನಮ್ಮ ಮಗನು ಉದ್ಯೋಗನಿಮಿತ್ತವಾಗಿ ಅಮೆರಿಕದ ಮಿನ್ನೆಸೋಟ ಸಂಸ್ಥಾನದ ಸೇಂಟ್ ಪಾಲ್ ನಗರದಲ್ಲಿರುವನು. ನಾನೂ ನಮ್ಮ ಮನೆಯವಳೂ ಅಲ್ಲಿಗೆ ಹೋಗಿ ಕೆಲವು ತಿಂಗಳು ನಿಂತೆವು. ನೆರೆಮನೆಯವರು ಹ್ಮಾಂಗ್ ಜನಾಂಗದವರು. ಈ ಹೆಸರನ್ನು ಕೇಳಿರದವರು ನಮ್ಮಲ್ಲಿ ಬಹುಮಂದಿ ಇರುವುದರಿಂದ, ಅವರ ಪೂರ್ವೋತ್ತರವನ್ನು ನಾಲ್ಕು ಮಾತಿನಲ್ಲಿ ಹೇಳುವೆನು.

ಹ್ಮಾಂಗರು ಮೂಲತಃ ಚೀನದೇಶದ ದಕ್ಷಿಣದ ಬೆಟ್ಟಗಳವರು. 19ನೆಯ ಶತಮಾನದಲ್ಲಿ ಅವರಲ್ಲಿ ಹಲವರು ಇನ್ನೂ ತೆಂಕಲಿಗೆ ಬಂದು ವಿಯೆಟ್ನಾಂ, ಲಾವೋಸ್, ತಾಯ್ಲೆಂಡ್ ದೇಶಗಳ ಎತ್ತರದ ಬೆಟ್ಟಗಳಲ್ಲಿ ನೆಲಸಿದರು. 1961ರಿಂದ ಅಮೆರಿಕದ ಗುಪ್ತಚರ ಇಲಾಖೆಯು ಲಾವೋಸಿನ ಹ್ಮಾಂಗ್ ತರುಣರನ್ನು ವಾಂಗ್ ಪಾವೊ ಎಂಬ ಸೇನಾನಿಯ ಕೈಕೆಳಗೆ ಕೂಡಿಸಿ, ಕಮ್ಯೂನಿಸ್ಟರ ಮೇಲೆ ಗುಟ್ಟಾಗಿ ಯುದ್ಧವನ್ನು ನಡೆಯಿಸಿತು. 1975ರ ಮೇ ತಿಂಗಳಲ್ಲಿ ಆ ಯುದ್ಧವು ಸೋಲಿನಲ್ಲಿ ಮುಗಿಯಿತು. ಸೇನಾನಿಯನ್ನೂ ಆತನ ಪರಿವಾರದ ಕೆಲವರನ್ನೂ ವಿಮಾನಗಳು ಹೊತ್ತೊಯ್ದುವು. ಉಳಿದವರು ಕಾಡುಹಾದಿಯಲ್ಲಿ ನಡೆದು, ಮೆಕಾಂಗ್ ಮಹಾನದಿಯನ್ನು ಈಜಿಯೋ ಬಿದಿರನ್ನು ಕಟ್ಟಿಕೊಂಡು ತೇಲಿಯೋ ದಾಟಿ, ತಾಯ್ಲೆಂಡಿನ ನಿರಾಶ್ರಿತರ ಶಿಬಿರಗಳನ್ನು ಸೇರಿದರು. ದಾಟುವಾಗ ಗುಂಡಿಗೂ ಪ್ರವಾಹಕ್ಕೂ ಆಹುತಿಯಾದವರು ಅನೇಕರು. ಆ ಶಿಬಿರಗಳಲ್ಲಿ ದೊಡ್ಡದಾಗಿದ್ದ ಬಾನ್ ವಿನಾಯ್ ಶಿಬಿರವು 1992ರವರೆಗೂ ನಡೆಯಿತು. ಅಲ್ಲಿಂದ ಅಮೆರಿಕಕ್ಕೆ ಹೋದವರ ಸಂತತಿಯು ಬೆಳೆದು, 2020ರ ಜನಗಣತಿಯ ವೇಳೆಗೆ ಮಿನ್ನೆಸೋಟವೊಂದರಲ್ಲಿಯೇ 90,000ಕ್ಕೂ ಹೆಚ್ಚಾಗಿದ್ದಿತು. ನಮ್ಮ ನೆರೆಮನೆಯ ವೃದ್ಧೆಯು ಹರೆಯದಲ್ಲಿ ಆ ನದಿಯನ್ನು ದಾಟಿದವಳು.

ಸುಗ್ಗಿ ಮುಗಿದ ಮೇಲೆ ಹ್ಮಾಂಗರಿಗೆ ಹೊಸ ವರ್ಷದ ಹಬ್ಬ. ಸೇಂಟ್ ಪಾಲಿನಲ್ಲಿ ಅದು ನವೆಂಬರಿನ ಕೊನೆಯ ಸುಮಾರಿಗೆ ಬರುವುದು. ಆ ದಿನಗಳಲ್ಲಿ ಅವರು ನಮ್ಮನ್ನು ಊಟಕ್ಕೆ ಕರೆದರು. ವೃದ್ಧೆಯು ತಾನೇ ಎದ್ದು ಬಂದು, ಹಬೆಯಾಡುತ್ತಿದ್ದ ಕೆಂಪು ಸಾರಿನ ಬಟ್ಟಲೊಂದನ್ನು ಎರಡು ಕೈಯಿಂದಲೂ ಹಿಡಿದು ನನ್ನ ಮುಂದಿಟ್ಟಳು. ಅದರಲ್ಲಿ ಬೆಳ್ಳನೆಯ ಅಕ್ಕಿಯ ಶ್ಯಾವಿಗೆ. ಅದರೊಡನೆ ಕೋಳಿಯ ಮಾಂಸ. ನಾನು ಸಸ್ಯಾಹಾರಿ. ಬೇಡವೆನ್ನುವುದಕ್ಕೆ ನನಗೆ ಅಧಿಕಾರವಿದ್ದಿತು, ಸಂದೇಹವಿಲ್ಲ. ಆದರೆ ನಾನು ಬಾಯಿಂದ ಹೇಳದೆ, ಮೂಗನ್ನು ಸುಕ್ಕಿಸಿ, ಬಟ್ಟಲನ್ನು ಬೆರಳತುದಿಯಿಂದ ಆಚೆಗೆ ತಳ್ಳಿದೆನು. ವೃದ್ಧೆಯು ಏನೂ ಹೇಳಲಿಲ್ಲ. ಬಟ್ಟಲನ್ನು ತೆಗೆದುಕೊಂಡು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಮನೆಗೆ ಬಂದ ಮೇಲೆ ನಮ್ಮ ಮನೆಯವಳು ಹೇಳಿದ ಮಾತು ಇದು: “ಮಾಂಸ ಬೇಡವೆಂದದ್ದು ಸರಿ. ಆದರೆ ನೀವು ತಳ್ಳಿದ ರೀತಿಯನ್ನು ನೋಡಿದವರಿಗೆ, ಅವರ ಕೈಯೇ ನಿಮಗೆ ಬೇಡವೆಂದ ಹಾಗಾಯಿತು. ನಮ್ಮ ಮನೆಗೆ ಬಂದವರು ನನ್ನ ಹುಳಿಯನ್ನು ಹಾಗೆ ತಳ್ಳಿದ್ದರೆ, ನೀವು ಅವರನ್ನು ಎರಡನೆಯ ಸಲ ಕರೆಯುತ್ತಿದ್ದಿರಾ?”

ನನ್ನ ಬಳಿ ಉತ್ತರವಿರಲಿಲ್ಲ. ಅವಳು ಉತ್ತರಕ್ಕೆ ಕಾಯಲೂ ಇಲ್ಲ. ಮಾರನೆಯ ವಾರ ಕೊಬ್ಬರಿ ಮಿಠಾಯಿ ಮಾಡಿ, ಸೊಸೆಯನ್ನು ಕರೆದುಕೊಂಡು ನೆರೆಮನೆಗೆ ಹೋಗಿ, ಆ ಅಡಿಗೆಯನ್ನು ಮಾಂಸವಿಲ್ಲದೆ ಮಾಡಲು ಬರುವುದಾದರೆ ತನಗೆ ಕಲಿಸಿಕೊಡಬೇಕೆಂದು ಕೇಳಿಕೊಂಡಳು. ವೃದ್ಧೆಯು ನಕ್ಕಳಂತೆ. ಭಾನುವಾರ ಬೆಳಿಗ್ಗೆ, ಕಾಲೇಜಿನಲ್ಲಿ ಓದುವ ಮೊಮ್ಮಗಳನ್ನು ದುಭಾಷಿಯಾಗಿ ಕರೆದುಕೊಂಡು, ಕೈಚೀಲದ ತುಂಬ ಸೊಪ್ಪುಗಳನ್ನು ಹೊತ್ತು ನಮ್ಮಲ್ಲಿಗೆ ಬಂದಳು.

ಈ ಅಡಿಗೆಯ ಹೆಸರು ‘ಖಾವ್ ಪೋಂಗ್’. ಹುಡುಗಿಯು ಅದನ್ನು ರೋಮನ್ ಅಕ್ಷರಗಳಲ್ಲಿ ಬರೆದು ತೋರಿಸಿದಾಗ ಎರಡು ಪದಗಳ ಕೊನೆಯಲ್ಲಿಯೂ ‘ಬ’ಕಾರದ ಅಕ್ಷರವಿದ್ದಿತು, ಓದುವಾಗ ಮಾತ್ರ ಅದು ಕೇಳಿಸಲಿಲ್ಲ. ಕಾರಣವನ್ನು ಕೇಳಿದೆನು. 1950ರ ದಶಕದ ಮೊದಲಲ್ಲಿ ಲಾವೋಸಿನಲ್ಲಿ ಪಾದ್ರಿಗಳು ಏರ್ಪಡಿಸಿದ ಆ ಲಿಪಿಯಲ್ಲಿ ಪದದ ಕೊನೆಯ ವ್ಯಂಜನವು ಉಚ್ಚಾರಣೆಗಲ್ಲ, ಧ್ವನಿಯ ಏರಿಳಿತವನ್ನು ಸೂಚಿಸುವುದಕ್ಕೆ. ಇಲ್ಲಿಯ ಅಕ್ಷರವು ಎತ್ತರದ ದನಿಯ ಗುರುತು. ವೇದದ ಅಕ್ಷರಗಳ ಮೇಲೂ ಕೆಳಗೂ ಸ್ವರದ ಗೆರೆಗಳನ್ನು ಎಳೆಯುವುದನ್ನು ಕಂಡ ನನಗೆ ಇದು ಬಹಳ ಸಂತೋಷವನ್ನುಂಟುಮಾಡಿತು. ಅಷ್ಟರಲ್ಲಿ ವೃದ್ಧೆಯು ನನ್ನ ಕೈಗೆ ಎಲೆಕೋಸನ್ನೂ ಕತ್ತಿಯನ್ನೂ ಕೊಟ್ಟು, ಕೂದಲೆಳೆಯಂತೆ ಹೆಚ್ಚಬೇಕೆಂದು ಸನ್ನೆಮಾಡಿದಳು. ಪಾಂಡಿತ್ಯಕ್ಕೆ ಅಲ್ಲಿಗೆ ವಿರಾಮ.

ಇನ್ನು ಪಾಕಕ್ರಮ. ಆರು ಮಂದಿಯ ಲೆಕ್ಕ.

ಮೊದಲು ಮಸಾಲೆ. ಹನ್ನೆರಡು ಒಣಮೆಣಸಿನಕಾಯಿಗಳ ಬೀಜ ತೆಗೆದು ಬಿಸಿನೀರಿನಲ್ಲಿ ನೆನೆಯಿಸಬೇಕು. ಬಣ್ಣ ಹೆಚ್ಚು, ಖಾರ ಕಡಿಮೆಯಾದ ಬ್ಯಾಡಗಿಯು ಇದಕ್ಕೆ ಚೆನ್ನಾಗಿ ಒಪ್ಪುವುದು. ಅದರೊಡನೆ ಎಂಟು ಸಣ್ಣ ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ, ಎರಡು ಕಡ್ಡಿ ಮಜ್ಜಿಗೆಹುಲ್ಲಿನ ಬುಡದ ಬಿಳಿಯ ಭಾಗ, ಒಂದು ಅಂಗುಲ ದುಂಪರಾಸ್ಮೆ, ಒಂದು ಹಿಡಿ ಕೊತ್ತಂಬರಿಯ ಬೇರು ಅಥವಾ ದಂಟು, ಉಪ್ಪು, ಇಷ್ಟನ್ನೂ ನುಣ್ಣಗೆ ಅರೆಯಬೇಕು. ದುಂಪರಾಸ್ಮೆ ಸಿಕ್ಕದಿದ್ದರೆ ಶುಂಠಿಯಾದೀತು, ಪರಿಮಳ ಬೇರೆಯಾಗುವುದು. ಅಂಗಡಿಯ ಸಿದ್ಧಮಸಾಲೆಯನ್ನು ತರುವ ಸಸ್ಯಾಹಾರಿಗಳು ಡಬ್ಬಿಯ ಮೇಲಿನ ಬರಹವನ್ನು ಓದದೆ ತರಕೂಡದು. ಅನೇಕ ಡಬ್ಬಿಗಳ ಮಸಾಲೆಯಲ್ಲಿ ಸಿಗಡಿಯನ್ನು ಸೇರಿಸಿರುತ್ತಾರೆ.

ಎರಡು ತೆಂಗಿನಕಾಯಿಗಳ ತುರಿಯಿಂದ ಗಟ್ಟಿಹಾಲನ್ನೂ ತೆಳುಹಾಲನ್ನೂ ಬೇರೆಬೇರೆಯಾಗಿ ಹಿಂಡಿಟ್ಟುಕೊಳ್ಳಬೇಕು. ಗಟ್ಟಿಹಾಲಿನಲ್ಲಿ ಅರ್ಧವನ್ನು ದಪ್ಪ ಪಾತ್ರೆಯಲ್ಲಿಟ್ಟು ಕಾಯಿಸಿದರೆ, ಅದು ಒಡೆದು ಎಣ್ಣೆಯನ್ನು ಬಿಡುವುದು. ಆ ಎಣ್ಣೆಯಲ್ಲಿಯೇ ಮಸಾಲೆಯನ್ನು ಹಸಿವಾಸನೆ ಹೋಗುವವರೆಗೂ ಬಾಡಿಸಬೇಕು. ಅವಸರಪಟ್ಟವರ ಅಡಿಗೆ ಕೆಡುವುದು ಇಲ್ಲಿಯೇ. ಎಣ್ಣೆಯು ಕೆಂಪಾಗಿ ಮೇಲಕ್ಕೆ ತೇಲಿದ ಮೇಲೆ ತೆಳುಹಾಲನ್ನೂ, ಅಣಬೆಯ ಕಾಂಡವನ್ನೂ ಈರುಳ್ಳಿಯನ್ನೂ ಕುದಿಸಿ ಸೋಸಿದ ನೀರನ್ನೂ ಸೇರಿಸಿ ಎಂಟು ಬಟ್ಟಲಿನಷ್ಟು ಮಾಡಬೇಕು. ಹ್ಮಾಂಗರು ಇಲ್ಲಿ ಕೋಳಿಯನ್ನು ಬೇಯಿಸಿದ ನೀರನ್ನು ಹಾಕಿ, ಎಳೆಯೆಳೆಯಾಗಿ ಬಿಡಿಸಿದ ಅದರ ಮಾಂಸವನ್ನೂ ಮೀನಿನ ರಸವನ್ನೂ ಸೇರಿಸುವರು. ನಮಗಾಗಿ ಆಕೆಯು ಕಾಲು ಕಿಲೋಗ್ರಾಂ ಅಣಬೆಯನ್ನೂ, ಅಷ್ಟೇ ತೂಕದ ಟೋಫುವನ್ನೂ, ಎಂದರೆ ಸೋಯಾ ಅವರೆಯ ಹಾಲನ್ನು ಒಡೆಯಿಸಿ ಮಾಡಿದ ಗಟ್ಟಿಯನ್ನೂ ಹಾಕಿ, ಮೀನಿನ ರಸಕ್ಕೆ ಬದಲಾಗಿ ಉಪ್ಪನ್ನು ಹಾಕಿದಳು.

ಆಮೇಲೆ ಎರಡು ಬಟ್ಟಲು ಕಳಲೆ. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಉಳಿದವರು, ಹಸಿಯ ಕಳಲೆಯಲ್ಲಿ ವಿಷಾಂಶವಿರುವುದೆಂಬುದನ್ನು ಮರೆಯದೆ, ತೆಳ್ಳಗೆ ಹೆಚ್ಚಿ, ದಿನಕ್ಕೊಮ್ಮೆ ನೀರನ್ನು ಬದಲಾಯಿಸುತ್ತ ಮೂರು ದಿನ ನೆನೆಯಿಸಿ, ಬಳಿಕ ಬೇರೆಯಾಗಿ ಬೇಯಿಸಿ ಆ ನೀರನ್ನು ಚೆಲ್ಲಿ ಉಪಯೋಗಿಸತಕ್ಕದ್ದು. ನಿಂಬೆಯ ಜಾತಿಯ ಐದಾರು ಎಲೆಗಳನ್ನು ಹರಿದು ಹಾಕಿ, ಎಲ್ಲವೂ ಹದವಾಗಿ ಕುದಿದ ಮೇಲೆ ಉಳಿದ ಗಟ್ಟಿಹಾಲನ್ನು ಬೆರಸಿ ಒಲೆಯಿಂದ ಇಳಿಸಬೇಕು.

ಅರ್ಧ ಕಿಲೋಗ್ರಾಂ ಅಕ್ಕಿಯ ಶ್ಯಾವಿಗೆಯನ್ನು ಬೇಯಿಸಿ, ತಣ್ಣೀರಿನಲ್ಲಿ ತೊಳೆದು, ಹಿಡಿಹಿಡಿಯಾಗಿ ಸುತ್ತಿ ಗೂಡಿನಂತೆ ಇಡಬೇಕು. ಎಲೆಕೋಸು, ಪುದೀನ, ಕೊತ್ತಂಬರಿ, ಎಳೆಯ ಈರುಳ್ಳಿಸೊಪ್ಪು, ಮೊಳಕೆಯ ಹೆಸರು, ಇವೆಲ್ಲವೂ ಹಸಿಯಾಗಿಯೇ ಇರತಕ್ಕವು. ಬಾಳೆಯ ಹೂವನ್ನು ಸಣ್ಣಗೆ ಹೆಚ್ಚಿ, ಕಪ್ಪಾಗದಂತೆ ನಿಂಬೆಯ ರಸ ಬೆರಸಿದ ನೀರಿನಲ್ಲಿಡಬೇಕು. ಬಟ್ಟಲಿನಲ್ಲಿ ಮೊದಲು ಶ್ಯಾವಿಗೆ, ಅದರ ಮೇಲೆ ಸೊಪ್ಪು, ಅದರ ಮೇಲೆ ಕುದಿಯುವ ಸಾರು, ಕೊನೆಗೆ ನಿಂಬೆಯ ರಸ. ತೆಂಗಿನ ಮಧುರ, ನಿಂಬೆಯ ಆಮ್ಲ, ಲವಣ, ಮೆಣಸಿನಕಾಯಿಯ ಕಟು, ಕಳಲೆಯಲ್ಲಿ ಉಳಿದ ಸ್ವಲ್ಪ ತಿಕ್ತ, ಬಾಳೆಯ ಹೂವಿನ ಕಷಾಯ: ನಮ್ಮ ಶಾಸ್ತ್ರಗಳು ಹೇಳುವ ಷಡ್ರಸಗಳೂ ಆ ಒಂದು ಬಟ್ಟಲಿನಲ್ಲಿದ್ದುವು.

ಈ ಅಳತೆಗಳು ದೊರೆತ ಬಗೆಯನ್ನೂ ಹೇಳಬೇಕು. ವೃದ್ಧೆಗೆ ಅಳತೆಯೆಂಬುದೇ ಇರಲಿಲ್ಲ. ಎಲ್ಲವೂ ಹಿಡಿ, ಚಿಟಿಕೆ, ಕಣ್ಣಂದಾಜು. ನಮಗೆ ಹೇಳಿಕೊಡಬೇಕಾದ್ದರಿಂದ ಮೊಮ್ಮಗಳು ಪ್ರತಿಸಲವೂ ಅಜ್ಜಿಯ ಕೈಯನ್ನು ತಡೆದು, ಹಿಡಿಯಲ್ಲಿದ್ದುದನ್ನು ಬಟ್ಟಲಿಗೆ ಸುರಿದು ನೋಡಿ ಬರೆದುಕೊಂಡಳು. ನಡುವೆ ನಮ್ಮ ಸೊಸೆಯೊಡನೆ ಅವಳು ಮೆಲ್ಲನೆ ಹೇಳಿದಳು: ಹುಟ್ಟಿದಂದಿನಿಂದ ಇದನ್ನು ಉಂಡಿದ್ದರೂ, ಮಾಡುವುದು ಹೇಗೆಂದು ತಾನು ಅಜ್ಜಿಯನ್ನು ಕೇಳಿದ್ದು ಆ ದಿನವೇ ಮೊದಲು.

ಊಟವಾದ ಮೇಲೆ ನಾನು ಮೇಷ್ಟರ ಚಾಳಿಯಂತೆ ಕೇಳಿದೆನು: ಇದು ನಿಮ್ಮ ಬೆಟ್ಟದ ಹಳ್ಳಿಯಲ್ಲಿ ಎಷ್ಟು ತಲೆಮಾರಿನಿಂದ ನಡೆದುಬಂದ ಅಡಿಗೆ? ಮೊಮ್ಮಗಳು ಕೇಳಿ ತಿಳಿದು ಹೇಳಿದ ಉತ್ತರವು ನನ್ನನ್ನು ಬೆರಗುಗೊಳಿಸಿತು. ಬೆಟ್ಟದಲ್ಲಿ ಅವರ ಊಟವು ಅನ್ನ, ಬೇಯಿಸಿದ ಸೊಪ್ಪು, ಅಪರೂಪಕ್ಕೆ ಮಾಂಸ. ಆ ಎತ್ತರದಲ್ಲಿ ತೆಂಗು ಬೆಳೆಯುವುದಿಲ್ಲ. ಆಕೆಯ ತಾಯಿಯು ತೆಂಗಿನ ಮರವನ್ನೇ ಕಂಡವಳಲ್ಲ. ಇದು ಬಯಲುಸೀಮೆಯ ಲಾವೋ ಜನರ ಅಡಿಗೆ. ಹೆಸರೂ ಅವರದೇ, ‘ಖಾವ್’ ಎಂದರೆ ಅವರ ಭಾಷೆಯಲ್ಲಿ ಅಕ್ಕಿ. ಆಕೆಯು ಇದನ್ನು ಕಲಿತದ್ದು ನದಿಯನ್ನು ದಾಟಿದ ಮೇಲೆ, ಶಿಬಿರದಲ್ಲಿದ್ದಾಗ. ಇಂದು ಅದೇ ಅಡಿಗೆಯಿಲ್ಲದೆ ಸೇಂಟ್ ಪಾಲಿನ ಹ್ಮಾಂಗರಿಗೆ ಹಬ್ಬವೂ ಮದುವೆಯೂ ಸೊಗಸುವುದಿಲ್ಲ.

ಹಾಗಾದರೆ ಇದು ಅವರ ಪರಂಪರೆಯಲ್ಲವೆ? ಅಲ್ಲವೆನ್ನುವುದಕ್ಕೆ ನಾವು ಯಾರು? ನಮ್ಮ ಸಾರು ಹುಳಿಗಳ ಜೀವವಾದ ಮೆಣಸಿನಕಾಯಿಯು ಅಮೆರಿಕ ಖಂಡದಲ್ಲಿ ಹುಟ್ಟಿ, 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ಕರಾವಳಿಗೆ ಬಂದದ್ದು. ನಮ್ಮ ಹಿರಿಯರು ಮನೆಯ ಮೆಣಸಿನ ಹೆಸರನ್ನೇ ಅದಕ್ಕಿಟ್ಟು ಒಳಗೆ ಕರೆದುಕೊಂಡರು. ಒಬ್ಬರಿಂದ ಮತ್ತೊಬ್ಬರಿಗೆ ಸಾಗುತ್ತಿರುವುದೇ ‘ಪರಂಪರೆ’ ಎಂಬ ಶಬ್ದದ ಅರ್ಥ. ಮೊದಲು ಯಾರದಾಗಿದ್ದಿತೆಂಬ ಪ್ರಶ್ನೆಗಿಂತ, ಮುಂದಿನವರ ಕೈಗೆ ಸೇರಿತೆ ಎಂಬ ಪ್ರಶ್ನೆಯು ಅದರಲ್ಲಿ ಮುಖ್ಯ.

ಊರಿಗೆ ಹಿಂದಿರುಗಿದ ಮೇಲೆ ನಮ್ಮ ಮನೆಯವಳು ಅಟ್ಟದಿಂದ ಶ್ಯಾವಿಗೆಯ ಒರಳನ್ನು ಇಳಿಸಿದಳು. ಲಾವೋ ಜನರು ಹುಳಿಬಂದ ಅಕ್ಕಿಹಿಟ್ಟನ್ನು ಕುದಿಯುವ ನೀರಿನೊಳಕ್ಕೆ ಒತ್ತುವರು; ನಾವು ಹಿಟ್ಟಿನ ಉಂಡೆಗಳನ್ನು ಮೊದಲು ಬೇಯಿಸಿ ಆಮೇಲೆ ಒತ್ತುವೆವು. ಭೇದವು ಅಷ್ಟೆ. ಕಾಯಿಹಾಲಿನೊಡನೆ ಬೆಲ್ಲವನ್ನು ಸೇರಿಸಿ ಉಣ್ಣುತ್ತಿದ್ದ ಶ್ಯಾವಿಗೆಯನ್ನು ಅಂದು ಕೆಂಪು ಸಾರಿನಲ್ಲಿ ಉಂಡೆವು. ಬೆಳ್ಳುಳ್ಳಿ, ಅಣಬೆಗಳನ್ನು ಮುಟ್ಟದ ಮನೆಯವರು ಅವನ್ನು ಬಿಟ್ಟೂ ಮಾಡಬಹುದು; ಆದರೆ ಅತಿಥಿಗೆ ಬಡಿಸುವಾಗ ಇದು ಹ್ಮಾಂಗರ ಅಡಿಗೆಯನ್ನು ನೋಡಿ ನಾವು ಮಾಡಿಕೊಂಡದ್ದೆಂದು ಹೇಳಬೇಕು. ಅಷ್ಟು ಋಣವು ನಮ್ಮ ಮೇಲಿರುವುದು.

ಮುಂದಿನ ನವೆಂಬರಿನಲ್ಲಿ ಆ ಹುಡುಗಿಯಿಂದ ಸೊಸೆಯ ಮೂಲಕ ಒಂದು ಸಮಾಚಾರ ಬಂದಿತು. ಈ ವರ್ಷದ ಹಬ್ಬದ ಹಂಡೆಯನ್ನು ತಾನೇ ಮಾಡಿದಳಂತೆ. ಅಜ್ಜಿಯು ರುಚಿ ನೋಡಿ, ಉಪ್ಪು ಸಾಲದೆಂದು ಹೇಳಿ, ಎರಡು ಬಟ್ಟಲು ಉಂಡಳಂತೆ.

ನಾನು ಇದನ್ನು ಹಿಗ್ಗಿನಿಂದ ಓದಿ ಹೇಳಿದಾಗ ನಮ್ಮ ಮನೆಯವಳು, “ಅವರ ಅಜ್ಜಿಯ ಅಡಿಗೆಯನ್ನು ಪತ್ರಿಕೆಗೆ ಬರೆಯುವಿರಿ. ಅತ್ತೆಯವರು ಮಾಡುತ್ತಿದ್ದ ಕಳಲೆಯ ಹುಳಿಯನ್ನು ಬರೆದಿಟ್ಟುಕೊಂಡಿರುವಿರಾ?” ಎಂದಳು. ಇಲ್ಲ. ನಮ್ಮ ತಾಯಿಯವರು ಅದಕ್ಕೆ ಹುರಿದು ಹಾಕುತ್ತಿದ್ದುದು ಏನೆಂದು ನಾನು ಒಮ್ಮೆಯೂ ಕೇಳಲಿಲ್ಲ. ಸೊಸೆಯಾಗಿ ಬಂದವಳಿಗೂ ಆಕೆಯು ಆ ಹದವನ್ನು ಹೇಳುವಷ್ಟು ಕಾಲ ಉಳಿಯಲಿಲ್ಲ. ರುಚಿಯು ನಾಲಿಗೆಯಲ್ಲಿದೆ, ಕ್ರಮವು ಹೋಯಿತು. ಯುದ್ಧವೂ ಇಲ್ಲದೆ, ನದಿಯನ್ನೂ ದಾಟದೆ, ಮನೆಯೊಳಗೆ ಕುಳಿತೇ ಕಳೆದುಕೊಂಡೆವು.

ಆದುದರಿಂದ ವಾಚಕರಲ್ಲಿ ನನ್ನ ಪ್ರಾರ್ಥನೆಯು ಇಷ್ಟೆ: ಈ ತಿಂಗಳು ನಿಮ್ಮ ಮನೆಯ ಹಿರಿಯರೊಬ್ಬರ ಪಕ್ಕದಲ್ಲಿ ಒಂದು ಬಟ್ಟಲನ್ನೂ ಒಂದು ಪುಸ್ತಕವನ್ನೂ ಹಿಡಿದು ಕುಳಿತುಕೊಳ್ಳಿರಿ. ಅವರ ಹಿಡಿಯನ್ನು ಬಟ್ಟಲಿಗೆ ಸುರಿದು ಅಳೆಯಿರಿ, ಬರೆಯಿರಿ. ಆಮೇಲೆ ನೀವೇ ಮಾಡಿ ಅವರಿಗೆ ಬಡಿಸಿರಿ. ಉಪ್ಪು ಸಾಲದೆಂದು ಹೇಳುವವರು ಎದುರಿಗಿರುವಾಗಲೇ ಆ ಕೆಲಸವಾಗಬೇಕು.