ರಾತ್ರಿಯಿಡೀ ಪರೀಕ್ಷೆ ಬರೆಯುವ ಗಣಕ

ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ‘ಚೆಕ್ಕಿಂಗ್’ ಎಂಬ ವಿಭಾಗವೊಂದಿರುತ್ತದೆ. ಹೊಲಿದು ಮುಗಿದ ಉಡುಪು ಪೆಟ್ಟಿಗೆ ಸೇರುವ ಮುನ್ನ ಆ ಮೇಜಿನ ಮೇಲೆ ಒಮ್ಮೆ ಮಗುಚಲೇಬೇಕು. ನೂಲು ಜಾರಿದೆಯೇ, ಎಣ್ಣೆಯ ಕಲೆ ಬಿದ್ದಿದೆಯೇ, ಕೊರಳಿನ ಹೊಲಿಗೆ ಓರೆಯಾಗಿದೆಯೇ ಎಂದು ನೋಡುವ ಕಣ್ಣುಗಳು ಅಲ್ಲಿರುತ್ತವೆ. ಆನೈಮಲೈ ತಪ್ಪಲಿನ ಪೊಳ್ಳಾಚಿ, ಉಡುಮಲೈ ಕಡೆಯ ಕನ್ನಡ ಮನೆಗಳಿಗೆ ಈ ಕೆಲಸ ಅಪರಿಚಿತವಲ್ಲ. ದೂರದೇಶದಲ್ಲಿ ಆ ಉಡುಪನ್ನು ತೊಡುವವನಿಗೆ ಚೆಕ್ಕಿಂಗ್ ಮೇಜಿನವರ ಹೆಸರು ತಿಳಿದಿರುವುದಿಲ್ಲ. ತಿಳಿಯುವುದು ಅವರು ನೋಡದೆ ಬಿಟ್ಟ ದಿನ ಮಾತ್ರ.

ಶಾಲೆಯ ಗಣಕ ಕೋಣೆಯಲ್ಲಿ ಮಕ್ಕಳು ತೆರೆಯುವ ಲಿನಕ್ಸ್‌ನ ಹಿಂದೆಯೂ ಇಂಥದೊಂದು ಮೇಜು ಇದೆ. ಅಲ್ಲಿ ಕುಳಿತು ನೋಡುವುದು ಬಹುಪಾಲು ಯಂತ್ರವೇ ಆದರೂ ಏನನ್ನು ನೋಡಬೇಕೆಂದು ಹೇಳಿಕೊಡುವವರು ಮನುಷ್ಯರು.

ಲಿನಕ್ಸ್ ವಿತರಣೆ ಎಂದರೆ ಒಂದು ತಂತ್ರಾಂಶವಲ್ಲ, ಒಂದು ಸಂತೆ. 1993ರ ಆಗಸ್ಟ್‌ನಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್‌ನ 12ನೆಯ ಆವೃತ್ತಿ 2023ರಲ್ಲಿ ಹೊರಬಂದಾಗ ಅದರಲ್ಲಿ 64,000ಕ್ಕೂ ಹೆಚ್ಚು ಪ್ಯಾಕೇಜುಗಳಿದ್ದವು. ಅವುಗಳನ್ನು ಬರೆದವರು ಬೇರೆ ಬೇರೆ, ಬರೆದ ಕಾಲ ಬೇರೆ ಬೇರೆ. ಒಂದು ಬದಲಾದರೆ ಅದನ್ನು ನೆಚ್ಚಿದ ನೂರು ಅಲುಗುತ್ತವೆ. ಈ ಸಂತೆಯ ಸರಕು ನಮ್ಮ ಮಕ್ಕಳ ಕೈಗೂ ಬಂದಿದೆ. ಚೆನ್ನೈಯ ಸಿ-ಡ್ಯಾಕ್ ಸಂಸ್ಥೆ 2007ರಿಂದ ಹೊರತರುತ್ತಿರುವ ‘ಬಾಸ್’ ಲಿನಕ್ಸ್‌ಗೆ ಡೆಬಿಯನ್ನೇ ತಳಹದಿ. 2011ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಸರಕಾರವು ವಿದ್ಯಾರ್ಥಿಗಳಿಗೆ ಉಚಿತವಾಗಿ ಲ್ಯಾಪ್‌ಟಾಪ್ ನೀಡಲು ತೊಡಗಿದಾಗ ವಿಂಡೋಸ್‌ನ ಪಕ್ಕದಲ್ಲಿ ಈ ಬಾಸ್ ಕೂಡ ಇತ್ತು. ಅತ್ತ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಕೇರಳದ ‘ಕೈಟ್’ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸ್‌ನಲ್ಲಿ. ಅದರ ಮೂಲ ಉಬುಂಟು, ಉಬುಂಟುವಿನ ಮೂಲ ಮತ್ತೆ ಡೆಬಿಯನ್. ಹೊಳೆಯ ಮೇಲ್ಭಾಗದಲ್ಲಿ ನೀರು ಕದಡಿದರೆ ಹೊಸೂರು, ತಾಳವಾಡಿ, ಕಾಸರಗೋಡುಗಳ ಕೊಡದಲ್ಲಿ ಅದು ಕಾಣುತ್ತದೆ.

ಕದಡದಂತೆ ನೋಡಿಕೊಳ್ಳುವ ಬಗೆ ಹೀಗಿದೆ. ಡೆಬಿಯನ್‌ನಲ್ಲಿ ಹೊಸ ಪ್ಯಾಕೇಜು ಮೊದಲು ‘ಅಸ್ಥಿರ’ ಎಂಬ ಅಂಗಳಕ್ಕೆ ಬರುತ್ತದೆ. ಆ ಅಂಗಳಕ್ಕೆ ‘ಸಿಡ್’ ಎಂದು ಹೆಸರು. ಮಕ್ಕಳು ನೋಡಿರಬಹುದಾದ ‘ಟಾಯ್ ಸ್ಟೋರಿ’ ಚಿತ್ರದಲ್ಲಿ ಆಟಿಕೆಗಳನ್ನು ಮುರಿಯುವ ಪಕ್ಕದ ಮನೆಯ ಹುಡುಗನ ಹೆಸರದು. ಅನೇಕ ಪ್ಯಾಕೇಜುಗಳು ತಮ್ಮೊಳಗೇ ಪರೀಕ್ಷೆಯನ್ನೂ ಹೊತ್ತು ತರುತ್ತವೆ. ‘ನನ್ನನ್ನು ಹೀಗೆ ಸ್ಥಾಪಿಸು, ಈ ಆಜ್ಞೆ ಕೊಡು, ಈ ಉತ್ತರ ಬರಬೇಕು’ ಎಂಬ ಬರಹ ಅದು. ಹೊಸ ಆವೃತ್ತಿ ಬಂದೊಡನೆ ಯಂತ್ರವೊಂದು ತಾನಾಗಿಯೇ ಆ ಪರೀಕ್ಷೆಯನ್ನು ನಡೆಸುತ್ತದೆ. ಆ ಪ್ಯಾಕೇಜನ್ನು ನೆಚ್ಚಿದ ಇತರ ಪ್ಯಾಕೇಜುಗಳ ಪರೀಕ್ಷೆಗಳನ್ನೂ ಮತ್ತೊಮ್ಮೆ ನಡೆಸುತ್ತದೆ. ನಿನ್ನೆಯವರೆಗೆ ಗೆಲ್ಲುತ್ತಿದ್ದ ಪರೀಕ್ಷೆ ಇಂದು ಸೋತರೆ ಹೊಸಬನಿಗೆ ಮುಂದಿನ ಅಂಗಳದ ಬಾಗಿಲು ತೆರೆಯುವುದಿಲ್ಲ. ಬರೆದವನು ಎಷ್ಟೇ ಹಿರಿಯನಾಗಿರಲಿ, ಈ ತಡೆಯಾಜ್ಞೆ ಎಲ್ಲರಿಗೂ ಒಂದೇ.

ಓಪನ್‌ಸೂಸೆ ಬಳಗದವರು ಕಟ್ಟಿದ ‘ಓಪನ್‌ಕ್ಯೂಎ’ ಇದಕ್ಕಿಂತ ಸ್ವಾರಸ್ಯದ್ದು. ಫೆಡೋರಾ ಬಳಗವೂ ಅದನ್ನೇ ಬಳಸುತ್ತದೆ. ಅದು ಗಣಕದೊಳಗೊಂದು ಕೃತಕ ಗಣಕವನ್ನು ಹುಟ್ಟಿಸಿ, ಹೊಸ ವಿತರಣೆಯನ್ನು ಅದರಲ್ಲಿ ಮೊದಲಿನಿಂದ ಸ್ಥಾಪಿಸುತ್ತದೆ. ಬೆರಳಿಲ್ಲದೆ ಕೀಲಿ ಒತ್ತುತ್ತದೆ, ಕೈಯಿಲ್ಲದೆ ಮೌಸ್ ಆಡಿಸುತ್ತದೆ, ಪ್ರತಿ ಹಂತದಲ್ಲಿಯೂ ಪರದೆಯನ್ನು ಮನುಷ್ಯನಂತೆಯೇ ನೋಡುತ್ತದೆ. ಸರಿಯಾದ ಪರದೆ ಹೇಗಿರಬೇಕೆಂಬ ಚಿತ್ರವನ್ನು ಯಾರೋ ಒಬ್ಬರು ಮೊದಲೇ ತೆಗೆದು, ಅದರಲ್ಲಿ ನೋಡಬೇಕಾದ ಜಾಗಕ್ಕೆ ಚೌಕ ಹಾಕಿಟ್ಟಿರುತ್ತಾರೆ. ಆ ಚಿತ್ರಕ್ಕೆ ಅವರ ಪರಿಭಾಷೆಯಲ್ಲಿ ‘ಸೂಜಿ’ ಎಂದೇ ಹೆಸರು. ಹುಲ್ಲಿನ ಬಣವೆಯಂಥ ಪರದೆಯಲ್ಲಿ ಆ ಸೂಜಿ ಸಿಕ್ಕಿದರೆ ಪರೀಕ್ಷೆ ಮುಂದುವರಿಯುತ್ತದೆ, ಸಿಗದಿದ್ದರೆ ಕೆಂಪು ಗುರುತು ಬೀಳುತ್ತದೆ. ಊರು ಮಲಗಿರುವಾಗಲೂ ಇಂಥ ನೂರಾರು ಪರೀಕ್ಷೆಗಳು ನಡೆಯುತ್ತಿರುತ್ತವೆ.

ಇಷ್ಟನ್ನು ಕೇಳಿದವರಿಗೆ ಕಷ್ಟದ ಕೆಲಸ ಮುಗಿಯಿತೆಂದು ತೋರಬಹುದು. ಆದರೆ ಪರೀಕ್ಷೆ ಬರೆಯುವುದು ಒಂದು ದಿನದ ಕೆಲಸವಾದರೆ, ಬರೆದುದನ್ನು ನಂಬಿಕೆಗೆ ಅರ್ಹವಾಗಿ ಉಳಿಸಿಕೊಳ್ಳುವುದು ವರ್ಷಗಳ ದುಡಿಮೆ. ವಿತರಣೆಯವರು ಹಿನ್ನೆಲೆಯ ಬಣ್ಣವನ್ನೋ ಗುಂಡಿಯ ಆಕಾರವನ್ನೋ ಬದಲಿಸುತ್ತಾರೆ. ಯಾವ ದೋಷವೂ ಇಲ್ಲದಿದ್ದರೂ ಮರುದಿನ ಬೆಳಿಗ್ಗೆ ಹತ್ತಾರು ಸೂಜಿಗಳು ಒಮ್ಮೆಗೇ ಕಾಣೆಯಾಗಿರುತ್ತವೆ. ನಿರ್ವಾಹಕನು ಪ್ರತಿಯೊಂದನ್ನೂ ತೆರೆದು ನೋಡಿ, ಕೆಟ್ಟದ್ದು ತಂತ್ರಾಂಶವೋ, ಹಳತಾದದ್ದು ಸಾಕ್ಷಿಯೋ ಎಂದು ನಿರ್ಣಯಿಸಬೇಕು. ಆಗ ಒಂದು ದೊಡ್ಡ ಆಮಿಷ ಎದುರಾಗುತ್ತದೆ. ಇಂದು ಪರದೆಯಲ್ಲಿ ಬಂದುದನ್ನೇ ‘ಇದೇ ಸರಿ’ ಎಂದು ಹೊಸ ಸೂಜಿಯಾಗಿ ಬರೆದುಕೊಂಡರೆ ಕೆಂಪೆಲ್ಲ ಕ್ಷಣದಲ್ಲಿ ಹಸಿರಾಗುತ್ತದೆ! ನ್ಯಾಯಾಲಯದ ಮಾತಿನಲ್ಲಿ ಹೇಳುವುದಾದರೆ ಇದು ಸಾಕ್ಷಿಗೆ ಹೇಳಿಕೊಟ್ಟು ಕಟಕಟೆ ಹತ್ತಿಸಿದಂತೆ. ಅಂಥ ಸಾಕ್ಷಿ ಪಾಟೀಸವಾಲಿನಲ್ಲಿ ಎಂದೋ ಬೀಳುತ್ತದೆ, ಅಷ್ಟರಲ್ಲಿ ತಪ್ಪು ಸಾವಿರ ಗಣಕಗಳನ್ನು ಸೇರಿರುತ್ತದೆ.

ಚಂಚಲ ಪರೀಕ್ಷೆಗಳ ಕಾಟ ಇನ್ನೊಂದು ಬಗೆಯದು. ಯಂತ್ರ ಅಂದು ನಿಧಾನವಾಗಿದ್ದು, ಕಿಟಕಿ ತೆರೆದುಕೊಳ್ಳುವ ಮೊದಲೇ ಕೀಲಿ ಒತ್ತಿದರೆ ಪರೀಕ್ಷೆ ಸೋಲುತ್ತದೆ. ಮತ್ತೆ ಓಡಿಸಿದರೆ ಗೆಲ್ಲುತ್ತದೆ. ಇಂಥ ಸೋಲು ವಾರಕ್ಕೆ ಮೂರು ಬಾರಿ ಬಂದರೆ ನೋಡುವವರು ‘ಇನ್ನೊಮ್ಮೆ ಓಡಿಸಿ’ ಎಂದು ಮುಂದೆ ಸಾಗುವುದನ್ನು ಅಭ್ಯಾಸ ಮಾಡಿಕೊಳ್ಳುತ್ತಾರೆ. ‘ತೋಳ ಬಂತು ತೋಳ’ ಎಂದು ಕೂಗಿದ ಹುಡುಗನ ಕಥೆ ಎಲ್ಲ ಮಕ್ಕಳಿಗೂ ಗೊತ್ತು. ನಿಜವಾದ ತೋಳ ಬರುವ ರಾತ್ರಿಯೂ ಕೆಂಪು ಗುರುತು ಹಿಂದಿನಂತೆಯೇ ಇರುತ್ತದೆ. ಆದ್ದರಿಂದ ಯಾರೂ ನಂಬದ ಪರೀಕ್ಷೆಯನ್ನು ಉಳಿಸಿಕೊಳ್ಳುವುದಕ್ಕಿಂತ ತೆಗೆದುಹಾಕುವುದು ಮೇಲು. ತಿಳಿದಿರುವ ದೋಷಕ್ಕೆ ‘ಮೃದು ಸೋಲು’ ಎಂದು ಗುರುತು ಹಾಕಿ ಮುಂದೆ ಹೋಗುವ ಅವಕಾಶವೂ ಓಪನ್‌ಕ್ಯೂಎಯಲ್ಲಿದೆ. ಅದು ವಾಯಿದೆಯಂತೆ: ಒಂದೆರಡು ಬಾರಿ ನ್ಯಾಯ, ಇಪ್ಪತ್ತನೆಯ ಬಾರಿ ಅನ್ಯಾಯ.

ಪರೀಕ್ಷೆಯ ಆರೈಕೆ ಏಕೆ ಬೇಕೆಂದು ಈ ಸೀಮೆಯವರಿಗೆ ದೂರದ ಉದಾಹರಣೆ ಬೇಕಾಗಿಲ್ಲ. 2022ರ ಸೆಪ್ಟೆಂಬರಿನಲ್ಲಿ ಪರಂಬಿಕುಳಂ ಅಣೆಕಟ್ಟಿನ ಮೂರು ಗೇಟುಗಳ ಪೈಕಿ ನಡುವಿನದು ನಡುರಾತ್ರಿ ಕಳಚಿಹೋಗಿ ನೀರು ನುಗ್ಗಿದ್ದು ಪೊಳ್ಳಾಚಿಯವರಿಗೆ ನೆನಪಿರಬೇಕು. ಗೇಟನ್ನು ಎತ್ತಿ ಇಳಿಸಿ ನೋಡುವ ಕೆಲಸವಂತೂ ಇದ್ದೇ ಇರುತ್ತದೆ. ಎತ್ತುವ ಸರಪಳಿಯನ್ನೇ ನೋಡುವ ಕೆಲಸ ಬೇರೆ.

ಇನ್ನು ಕನ್ನಡದ ಮಾತು. ನಮ್ಮ ಲಿಪಿಯನ್ನು ಪರದೆಯ ಮೇಲೆ ಕೂರಿಸುವುದು ಇಂಗ್ಲಿಷಿನಂತೆ ಮಣಿ ಪೋಣಿಸುವ ಕೆಲಸವಲ್ಲ. ‘ಸೂರ್ಯ’ ಎಂಬಲ್ಲಿ ರಕಾರವನ್ನು ಮೊದಲು ಉಚ್ಚರಿಸುತ್ತೇವೆ, ಬೆರಳಚ್ಚಿಸುವುದೂ ಮೊದಲೇ. ಕಾಣುವಾಗ ಅದು ಅರ್ಕಾವೊತ್ತಾಗಿ ಯಕಾರದ ಬಲಕ್ಕೆ ಹೋಗಿ ನಿಲ್ಲುತ್ತದೆ. ಆದರೆ ‘ರ‍್ಯಾಂಕ್’ ಎಂದು ಬರೆಯುವಾಗ ರಕಾರ ತನ್ನ ಜಾಗದಲ್ಲಿಯೇ ಇರಬೇಕು, ಯಕಾರ ಒತ್ತಾಗಬೇಕು. ಎರಡರಲ್ಲಿಯೂ ಇರುವುದು ಅದೇ ರಕಾರ, ಅದೇ ವಿರಾಮ, ಅದೇ ಯಕಾರ. ಭೇದವನ್ನು ತಿಳಿಸುವುದು ನಡುವೆ ಅಡಗಿದ, ಅಗಲವೇ ಇಲ್ಲದ, ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ. ‘ರಾಜ್‌ಕುಮಾರ್’ ಎಂಬ ಹೆಸರಿನಲ್ಲಿ ಇದಕ್ಕೆ ವಿರುದ್ಧವಾದ ಬೇರ್ಪಡಕ ಸಂಕೇತವಿದೆ. ಯಾವುದೋ ತಂತ್ರಾಂಶ ಅದನ್ನು ನುಂಗಿಬಿಟ್ಟರೆ ಅಣ್ಣಾವ್ರು ‘ರಾಜ್ಕುಮಾರ್’ ಆಗಿಬಿಡುತ್ತಾರೆ. ಇಂಥದನ್ನು ಕನ್ನಡ ಬಲ್ಲ ಮಗು ಒಂದು ನೋಟದಲ್ಲಿ ಹಿಡಿಯುತ್ತದೆ. ಬರ್ಲಿನ್ನಿನಲ್ಲೋ ಬಾಸ್ಟನ್ನಿನಲ್ಲೋ ಕುಳಿತ ತಂತ್ರಜ್ಞ, ಎಷ್ಟೇ ಪ್ರತಿಭಾವಂತನಾದರೂ, ಹಿಡಿಯಲಾರ.

ಈ ಅಕ್ಷರ ಜೋಡಣೆಯ ಕೆಲಸವನ್ನು ಲಿನಕ್ಸ್‌ನಲ್ಲಿ ಮಾಡುವುದು ‘ಹಾರ್ಫ್‌ಬಜ್’ ಎಂಬ ತಂತ್ರಾಂಶ. ಫೈರ್‌ಫಾಕ್ಸ್, ಲಿಬ್ರೆ ಆಫೀಸ್, ಆಂಡ್ರಾಯ್ಡ್ ಫೋನುಗಳೂ ಅದನ್ನೇ ನೆಚ್ಚಿವೆ. ಅದರ ಪ್ರಮುಖ ಕರ್ತೃ, ಇರಾನ್ ಮೂಲದ ಬೆಹ್ದಾದ್ ಇಸ್ಫಹ್‌ಬೋದ್, ಭಾರತದ ಲಿಪಿಗಳನ್ನು ಸರಿಪಡಿಸಲು ಹಿಡಿದ ದಾರಿ ಮೆಚ್ಚತಕ್ಕದ್ದು. ಆತನು 2012ರ ಸುಮಾರಿಗೆ ವಿಕಿಪೀಡಿಯದಿಂದ ಒಂದೊಂದು ಭಾಷೆಯ ಪದಗಳನ್ನೂ ರಾಶಿ ಹಾಕಿ, ತನ್ನ ಯಂತ್ರ ಜೋಡಿಸಿದ ರೂಪವನ್ನು ಮೈಕ್ರೋಸಾಫ್ಟ್‌ನ ಯಂತ್ರ ಜೋಡಿಸಿದ ರೂಪದೊಡನೆ ಹೋಲಿಸುತ್ತ ಹೋದನು. ಕನ್ನಡದಲ್ಲಿ ಹೀಗೆ ಪರೀಕ್ಷೆಗೆ ನಿಂತವು ಸುಮಾರು ಒಂಬತ್ತೂವರೆ ಲಕ್ಷ. ಕೊನೆಕೊನೆಗೆ ವ್ಯತ್ಯಾಸ ಉಳಿದದ್ದು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ತಮಿಳಿನಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಪರೀಕ್ಷೆಗಳಲ್ಲಿ ಉಳಿದದ್ದು ಒಂದೇ ಒಂದು! ನೆರೆಯವರನ್ನು ಕಂಡು ಕರುಬಬೇಕಾಗಿಲ್ಲ. ತಮಿಳು ಲಿಪಿ ಪುಳ್ಳಿಯಿಟ್ಟು ವ್ಯಂಜನಗಳನ್ನು ಸಾಲಾಗಿ ನಿಲ್ಲಿಸುತ್ತದೆ, ಅಲ್ಲಿ ಒತ್ತಕ್ಷರಗಳ ಗೋಜೇ ಇಲ್ಲವೆನ್ನಬಹುದು. ವ್ಯತ್ಯಾಸ ಕಂಡಲ್ಲೆಲ್ಲ ಹಾರ್ಫ್‌ಬಜ್‌ದೇ ತಪ್ಪೆಂದೂ ಅಲ್ಲ. ಇಬ್ಬರು ಸಾಕ್ಷಿಗಳ ಮಾತು ಬೇರೆಯಾದರೆ ಇಬ್ಬರಲ್ಲಿ ಯಾರು ತಪ್ಪಿದರೆಂದು ಹೇಳಲು ಮೂರನೆಯವನು, ಭಾಷೆ ಬಲ್ಲವನು, ಬೇಕು.

ಆ ಮೂರನೆಯವನ ಕೊರತೆಯೇ ನಮ್ಮ ಕೊರತೆ. ಫೆಡೋರಾದ ಸ್ವಯಂಚಾಲಿತ ಪರೀಕ್ಷೆಗಳಲ್ಲಿ ಬೇರೆ ಭಾಷೆಗಳಲ್ಲಿ ಸ್ಥಾಪಿಸಿ ನೋಡುವ ಕೆಲವು ಪರೀಕ್ಷೆಗಳಿವೆ. ಯುರೋಪಿನ ಪರವಾಗಿ ಫ್ರೆಂಚ್, ಸಿರಿಲಿಕ್ ಲಿಪಿಯ ಪರವಾಗಿ ರಷ್ಯನ್, ಬಲದಿಂದ ಎಡಕ್ಕೆ ಬರೆಯುವವರ ಪರವಾಗಿ ಅರಬ್ಬಿ, ಇಡೀ ಏಷ್ಯಾದ ಪರವಾಗಿ ಜಪಾನೀ. ಒತ್ತಕ್ಷರವೆಂದರೇನೆಂದು ಜಪಾನೀ ಪರದೆ ಹೇಗೆ ತಾನೇ ಹೇಳೀತು? ಇದನ್ನು ತಾತ್ಸಾರವೆನ್ನುವುದು ಸರಿಯಲ್ಲ. ಪ್ರತಿಯೊಂದು ಸೂಜಿಯನ್ನೂ ಯಾರಾದರೂ ಕಾಯಬೇಕು. ಕಾಯುವ ಕನ್ನಡಿಗನಿಲ್ಲದ ಮೇಲೆ ಕನ್ನಡದ ಸೂಜಿ ಇಟ್ಟು ಪ್ರಯೋಜನವೂ ಇಲ್ಲ. ಇನ್ನೊಂದು ಸೂಕ್ಷ್ಮವೂ ಉಂಟು. ಚಿತ್ರ ಹೋಲಿಸುವ ಯಂತ್ರ ನೂರಕ್ಕೆ ನೂರು ಸಾಮ್ಯ ಕೇಳುವುದಿಲ್ಲ, ಸಾಮಾನ್ಯವಾಗಿ 96 ಬಂದರೆ ತೃಪ್ತಿ. ದೊಡ್ಡ ಚೌಕದಲ್ಲಿ ಒಂದು ಪುಟ್ಟ ಒತ್ತು ಬಿದ್ದುಹೋದರೂ ಆ ಲೆಕ್ಕದಲ್ಲಿ ತೇರ್ಗಡೆಯಾಗುವ ಸಂಭವವಿದೆ. ಚೌಕವನ್ನು ಆ ಒತ್ತಿನ ಸುತ್ತಲೇ ಬಿಗಿಯಾಗಿ ಹಾಕಬೇಕೆಂದು ತಿಳಿಯಲು ಮತ್ತೆ ಕನ್ನಡದ ಕಣ್ಣೇ ಬೇಕು.

ಲಿಪಿಯ ದೋಷ ಬರಿಯ ಅಂದಗೇಡಿನಲ್ಲಿ ಮುಗಿಯುತ್ತದೆಂದು ಭಾವಿಸುವವರು 2018ರ ಫೆಬ್ರವರಿಯನ್ನು ನೆನೆಯಬೇಕು. ತೆಲುಗಿನ ‘ಜ್ಞಾ’ ಎಂಬ ಅಕ್ಷರ, ನಡುವೆ ಆ ಕಾಣದ ಬೇರ್ಪಡಕ ಸಂಕೇತ ಸೇರಿದ ರೂಪದಲ್ಲಿ, ಸಂದೇಶವಾಗಿ ಬಂದರೆ ಐಫೋನಿನ ತಂತ್ರಾಂಶಗಳು ಕುಸಿದು ಬೀಳುತ್ತಿದ್ದವು. ಆಪಲ್ ಕಂಪನಿ ಅದೇ ತಿಂಗಳಲ್ಲಿ 11.2.6ನೆಯ ಆವೃತ್ತಿಯನ್ನು ಹೊರಡಿಸಿ ಸರಿಪಡಿಸಿತು. ಎಂಟು ಕೋಟಿ ಜನರ ಭಾಷೆಯ ಒಂದು ಅಕ್ಷರ ಹೊರಬರುವ ಮುನ್ನ ಯಾವ ಮೇಜಿನ ಮೇಲೂ ಮಗುಚಿರಲಿಲ್ಲ. ದೋಷ ಸಿಕ್ಕಿದ ಮೇಲೆ ಆ ಅಕ್ಷರವನ್ನೇ ಪರೀಕ್ಷೆಯಾಗಿ ಬರೆದಿಡುವುದು ಒಳ್ಳೆಯ ಬಳಗಗಳ ರೂಢಿ. ಹಾರ್ಫ್‌ಬಜ್‌ನ ಪರೀಕ್ಷಾ ಕಡತಗಳಲ್ಲಿ ಹೀಗೆ ಹಳೆಯ ದೂರುಗಳಿಂದ ಬಂದ ಪದಗಳು, ಕನ್ನಡದವೂ ಸೇರಿ, ಇಂದಿಗೂ ದುಡಿಯುತ್ತಿವೆ. ಅವುಗಳನ್ನು ಕಳಿಸಿದವರು ಮರೆತಿರಬಹುದು, ಯಂತ್ರ ಮರೆತಿಲ್ಲ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರ ಏಳನೆಯ ತಿದ್ದುಪಡಿಯಲ್ಲಿ ಆ ವಿಧಿ ಸೇರಿದಾಗ ಸೌಲಭ್ಯವೆಂದರೆ ಶಿಕ್ಷಕ, ಪಠ್ಯಪುಸ್ತಕ, ಕರಿಹಲಗೆ. ಇಂದು ಅದರಲ್ಲಿ ಪರದೆಯೂ ಸೇರಿದೆ ಎಂದು ವಾದಿಸಿದರೆ ಅದು ಅತಿಯಾಗಲಾರದು. ಆದರೆ ಅರ್ಕಾವೊತ್ತು ಜಾರಿತೆಂದು ರಿಟ್ ಅರ್ಜಿ ಹಾಕುವುದು ಕೆಲಸವನ್ನು ಬೇಗ ಮುಗಿಸುವ ದಾರಿಯಲ್ಲ. ವಿತರಣೆಯ ಬಳಗಕ್ಕೆ ಸರಿಯಾದ ದೂರು ಬರೆಯುವುದು ಅದಕ್ಕಿಂತ ಅಗ್ಗ, ಅದಕ್ಕಿಂತ ಬೇಗ.

ಸರಿಯಾದ ದೂರಿನಲ್ಲಿ ‘ಕನ್ನಡ ಸರಿಯಾಗಿ ಕಾಣುತ್ತಿಲ್ಲ’ ಎಂಬ ವಾಕ್ಯ ಸಾಲದು. ಯಾವ ಪದ, ಅದನ್ನು ಯಾವ ಕೀಲಿಗಳಿಂದ ಬೆರಳಚ್ಚಿಸಲಾಯಿತು, ಯಾವ ಅಕ್ಷರವಿನ್ಯಾಸ, ವಿತರಣೆಯ ಯಾವ ಆವೃತ್ತಿ, ಪರದೆಯಲ್ಲಿ ಬಂದದ್ದೇನು, ಬರಬೇಕಾಗಿದ್ದದ್ದೇನು ಎಂಬುದು ಬೇಕು. ಕೊನೆಯದನ್ನು ಕಾಗದದ ಮೇಲೆ ಕೈಯಲ್ಲಿ ಬರೆದು ಅದರ ಚಿತ್ರ ಕಳಿಸಿದರೂ ಸಾಕು. ಇಷ್ಟಿದ್ದರೆ ಕನ್ನಡ ಬಾರದ ನಿರ್ವಾಹಕನೂ ಅದನ್ನು ಪರೀಕ್ಷೆಯಾಗಿ ಬದಲಿಸಬಲ್ಲ. ಗಣಕ ಕೋಣೆಯಿರುವ ಶಾಲೆಯೊಂದು ಹೊಸ ಆವೃತ್ತಿ ಬಂದಾಗಲೆಲ್ಲ ಒಂದು ತರಗತಿಯ ಅವಧಿಯನ್ನು ಇದಕ್ಕೆ ಕೊಡಬಹುದು. ಐದನೆಯ ತರಗತಿಯ ಮಕ್ಕಳಿಗೆ ಆರಂಭಿಸಲು ಈ ಪದಗಳು ಸಾಕು: ಸೂರ್ಯ, ರ‍್ಯಾಂಕ್, ರಾಜ್‌ಕುಮಾರ್, ಕೃಷ್ಣ, ಲಕ್ಷ್ಮಿ, ರಾಷ್ಟ್ರ, ಸ್ವಾತಂತ್ರ್ಯ. ಉಳಿದವನ್ನು ಅವರೇ ಹುಡುಕಿಕೊಳ್ಳುತ್ತಾರೆ. ಕಾಗುಣಿತದಲ್ಲಿ ದೊಡ್ಡವರ ತಪ್ಪು ಹಿಡಿಯುವ ಹುರುಪು ಆ ವಯಸ್ಸಿನಲ್ಲಿ ಹೇಗೂ ಹೆಚ್ಚು.