ಹರೆಯದ ಹುಂಜಕ್ಕೆ ನ್ಯಾಯ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಕಡೆ ಹಿತ್ತಲಲ್ಲಿ ನಾಲ್ಕಾರು ಜವಾರಿ ಕೋಳಿಗಳನ್ನು ಸಾಕುವ ಮನೆಗಳು ಇಂದಿಗೂ ಉಂಟು. ಅಂತಹ ಹಿಂಡಿನಲ್ಲಿ ಬೆಳೆದ ಹುಂಜದ ಮರಿಯು ನಾಲ್ಕೈದು ತಿಂಗಳಾಗುತ್ತಲೇ ಮನೆಯವರ ಕಣ್ಣಿಗೆ ದುಷ್ಟಪ್ರಾಣಿಯಾಗಿ ತೋರತೊಡಗುತ್ತದೆ. ನಿನ್ನೆಯವರೆಗೆ ಅಂಗೈಯಿಂದ ಜೋಳದ ಕಾಳನ್ನು ಹೆಕ್ಕುತ್ತಿದ್ದುದು ಇಂದು ಹೇಂಟೆಗಳ ಕತ್ತಿನ ಗರಿ ಹಿಡಿದು ಎಳೆಯುತ್ತದೆ. ಮಕ್ಕಳ ಕಾಲಿಗೆ ಎಗರುತ್ತದೆ. ‘ಇದರ ತಳಿಯೇ ಕೆಟ್ಟದು’ ಎಂಬ ತೀರ್ಪು ಹೊರಡುತ್ತದೆ, ಅದರ ಬೆನ್ನಿಗೇ ಕತ್ತಿಯೂ ಬರುತ್ತದೆ. ಸಾರಿಗಾಗಿಯೇ ಕೋಳಿ ಸಾಕುವವರೊಡನೆ ನಮಗೆ ವಾದವಿಲ್ಲ. ಆದರೆ ತಳಿಗೆಂದು ಉಳಿಸಿಕೊಂಡ ಹುಂಜವನ್ನು ಹರೆಯದ ಎರಡು ತಿಂಗಳ ನಡತೆಯಿಂದಲೇ ಅಳೆಯುವುದು ಅವಸರದ ಕೆಲಸವೆಂದು ನಮ್ಮ ಅಭಿಪ್ರಾಯ.

ಈ ಮಾರ್ಪಾಟಿಗೆ ಕಾರಣವೇನು? 1849ರಲ್ಲಿ ಜರ್ಮನಿಯ ಗಾಟಿಂಗೆನ್ ನಗರದಲ್ಲಿ ಅರ್ನಾಲ್ಡ್ ಬರ್ಟ್‌ಹೋಲ್ಡ್ ಎಂಬ ವಿಜ್ಞಾನಿಯು ಕೆಲವು ಎಳೆಯ ಹುಂಜಗಳ ವೃಷಣಗಳನ್ನು ತೆಗೆದು ಪರೀಕ್ಷಿಸಿದನು. ಎರಡನ್ನೂ ಕಳೆದುಕೊಂಡ ಮರಿಗಳಿಗೆ ಕೆಂಪು ಜುಟ್ಟು ಬೆಳೆಯಲಿಲ್ಲ. ಅವು ಕಾದಾಡಲಿಲ್ಲ, ಹುಂಜದಂತೆ ಕೂಗಲೂ ಇಲ್ಲ. ವೃಷಣವೊಂದನ್ನು ಹೊಟ್ಟೆಯೊಳಗೆ ಬೇರೆಡೆ ನೆಟ್ಟ ಮರಿಗಳಾದರೋ ಎಲ್ಲ ವಿಧದಲ್ಲಿಯೂ ಹುಂಜಗಳೇ ಆದುವು. ನರಗಳ ಸಂಬಂಧ ಕಡಿದುಹೋಗಿದ್ದರೂ ಹೀಗಾದುದರಿಂದ, ರಕ್ತದ ಮೂಲಕವೇ ಈ ಪ್ರಭಾವ ದೇಹಕ್ಕೆಲ್ಲ ತಲುಪಬೇಕೆಂದು ಆತನು ತರ್ಕಿಸಿದನು. ಅದಕ್ಕೆ ಕಾರಣವಾದ ಹಾರ್ಮೋನನ್ನು ನಾವು ಇಂದು ಟೆಸ್ಟಾಸ್ಟರೋನ್ ಎನ್ನುತ್ತೇವೆ.

ಹಾರ್ಮೋನು ಬೇಗ ಬರುತ್ತದೆ, ರೀತಿನೀತಿ ತಡವಾಗಿ ಬರುತ್ತದೆ. ಬಲಿತ ಹುಂಜವು ಕಾಳು ಕಂಡರೆ ಒಡನೆ ನುಂಗುವುದಿಲ್ಲ; ಕೊಕ್ ಕೊಕ್ ಎನ್ನುತ್ತ ಅದನ್ನು ಎತ್ತಿ ಎತ್ತಿ ಹಾಕಿ ಹೇಂಟೆಗಳನ್ನು ಕರೆಯುತ್ತದೆ. ಒಂದು ರೆಕ್ಕೆಯನ್ನು ಇಳಿಬಿಟ್ಟು ಹೇಂಟೆಯ ಸುತ್ತ ಅಡ್ಡಡ್ಡ ಹೆಜ್ಜೆಯಿಡುತ್ತದೆ. ಎಳೆಯದಕ್ಕೆ ಇಷ್ಟು ತಾಳ್ಮೆಯೆಲ್ಲಿ? ನೇರವಾಗಿ ಮೇಲೇರಲು ನೋಡುತ್ತದೆ. ವಯಸ್ಸಾದ ಹೇಂಟೆಗಳು ಅದನ್ನು ಕುಕ್ಕಿ ಓಡಿಸುವುದೂ, ಹಿರಿಯ ಹುಂಜವು ಅಟ್ಟಿಬರುವುದೂ ಇದಕ್ಕಾಗಿಯೇ. ಹಿಂಡಿನಲ್ಲಿ ಯಾರು ಯಾರನ್ನು ಕುಕ್ಕಬಹುದೆಂಬ ಮೇಲುಕೀಳಿನ ಕ್ರಮವೊಂದಿರುವುದನ್ನು ನಾರ್ವೆಯ ಷೆಲ್ಡರುಪ್-ಎಬ್ಬೆ ಎಂಬಾತನು 1921ರಲ್ಲಿಯೇ ತೋರಿಸಿಕೊಟ್ಟನು. ಹರೆಯದ ಹುಂಜವು ಆ ಕ್ರಮದಲ್ಲಿ ತನ್ನ ಸ್ಥಾನವನ್ನು ಹುಡುಕುತ್ತಿರುತ್ತದೆ. ಅಂಗಳದಲ್ಲಿ ಓಡಾಡುವ ನಮ್ಮ ಕಾಲುಗಳೂ ಅದಕ್ಕೆ ಎದುರಾಳಿಯೇ.

ಹೀಗಿರುವಾಗ ಒದ್ದು ಬುದ್ಧಿ ಕಲಿಸುವುದರಿಂದ ಫಲವೇನು? ಒದೆತವನ್ನು ಅದು ಶಿಕ್ಷೆಯೆಂದು ತಿಳಿಯದು, ಕಾಳಗಕ್ಕೆ ಆಹ್ವಾನವೆಂದೇ ಬಗೆದೀತು. ಸ್ಥಳದ ಮಾತನ್ನೂ ಮರೆಯಬಾರದು. ಈ ಭಾಗದಲ್ಲಿ ಗೋಡೆಗೂ ನೆಲಕ್ಕೂ ಶಹಾಬಾದಿ ಕಲ್ಲು. ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟಿದಾಗ ಕೋಳಿಗಳೆಲ್ಲ ಇರುವ ಒಂದೇ ನೆರಳಿಗೆ ಒತ್ತುತ್ತವೆ. ಸೋತದ್ದಕ್ಕೆ ಓಡಿಹೋಗಲು ಜಾಗವಿಲ್ಲ. ಎರಡನೆಯ ನೆರಳು, ಎರಡನೆಯ ನೀರಿನ ಮಡಕೆ, ಮರೆಗೆ ಒಂದು ಬುಟ್ಟಿ, ಹುಂಜವೊಂದಕ್ಕೆ ಎಂಟು ಹತ್ತು ಹೇಂಟೆಗಳು: ಇಷ್ಟು ಮಾಡಿಯಾದ ಮೇಲೆ ತಳಿಯನ್ನು ದೂರಿದರೆ ಕೇಳಬಹುದು.

ಆದರೆ ಕುರುಡು ಕನಿಕರವೂ ಸಲ್ಲದು. ಹುಂಜದ ಕೊಕ್ಕು ಚಿಕ್ಕ ಮಗುವಿನ ಕಣ್ಣಿನ ಎತ್ತರಕ್ಕೇ ಬರುತ್ತದೆ. ಮುಖಕ್ಕೆ ಹಾರುವ ಹುಂಜವನ್ನು ಆ ದಿನವೇ ಬೇರೆ ಕೂಡಬೇಕು. ಒಂದು ವರ್ಷ ತುಂಬಿದ ಮೇಲೆಯೂ ಹೇಂಟೆಗಳಿಗೆ ಗಾಯ ಮಾಡುತ್ತಲೇ ಇದ್ದರೆ ಅದನ್ನು ತಳಿಗೆ ಬಳಸಬಾರದು. ಸ್ವಭಾವದಲ್ಲಿ ಒಂದಂಶವಾದರೂ ಮರಿಗಳಿಗೆ ಇಳಿದುಬರುತ್ತದೆ.

ತೀರ್ಪಿಗೆ ಮೊದಲು ಸಾಕ್ಷ್ಯ ಬೇಕಷ್ಟೆ. ಅದನ್ನು ಕೂಡಿಸಲು ನಮ್ಮ ವಿದ್ಯಾರ್ಥಿಗಳಿಗೆ ಒಂದು ನೋಟುಪುಸ್ತಕ, ಗಡಿಯಾರ ಸಾಕು. ಜೀವಶಾಸ್ತ್ರದ ಅಧ್ಯಾಪಕರು ಇದನ್ನು ಪ್ರಯೋಗವೆಂದೇ ಎಣಿಸಲಿ. ಯಾರು ಯಾರನ್ನು ಕುಕ್ಕಿದರು, ಕಾಳಿಗೆ ಕರೆದವರಾರು ಎಂಬುದನ್ನು ದಿನವೂ ಅರ್ಧ ಗಂಟೆ ಬರೆಯಬಹುದು. ಹಿತ್ತಲಲ್ಲಿ ಎರಡು ಮೂರು ಹುಂಜಗಳಿದ್ದರೆ ನಸುಕಿನಲ್ಲಿ ಎದ್ದು ಮೊದಲು ಕೂಗಿದ್ದು ಯಾವುದೆಂದೂ ಗುರುತಿಸಬಹುದು. ಮೇಲಿನ ಸ್ಥಾನದ ಹುಂಜವೇ ಮೊದಲು ಕೂಗುತ್ತದೆ, ಉಳಿದವು ತಮ್ಮ ತಮ್ಮ ಸ್ಥಾನಕ್ಕನುಸಾರವಾಗಿ ಅನಂತರ ಕೂಗುತ್ತವೆ ಎಂದು ಜಪಾನಿನ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದರು. ಮೊದಲನೆಯದನ್ನು ಹಿಂಡಿನಿಂದ ತೆಗೆದಾಗ ಎರಡನೆಯದೇ ಮೊದಲು ಕೂಗಿತು.