ಮಣ್ಣಿನ ಮಗ ಯಾರು?



ಚುನಾವಣೆ ಬಂತೆಂದರೆ ಸಾಕು, ನಮ್ಮ ನಾಡಿನಲ್ಲಿ ಮಣ್ಣಿನ ಮಕ್ಕಳು ಹುಟ್ಟಿಕೊಳ್ಳುತ್ತಾರೆ. ಹೆಗಲ ಮೇಲೆ ಹಸಿರು ಶಾಲು, ಬಾಯಲ್ಲಿ ರೈತನ ಹೆಸರು. ಕೇರಿಯಲ್ಲಿ ಕೂತ ನಾವು ಕೇಳ್ತೀವಿ: ಮಣ್ಣಿನ ಮಗ ಅಂದ್ರೆ ಯಾರು ಸ್ವಾಮಿ? ಪಹಣಿಯಲ್ಲಿ ಹೆಸರಿರೋನೋ, ಮೈಗೆಲ್ಲ ಕೆಸರು ಮೆತ್ತಿರೋನೋ?

ಈ ಬಿರುದು ಗಟ್ಟಿಯಾಗಿ ಅಂಟಿದ್ದು ಹೆಚ್.ಡಿ. ದೇವೇಗೌಡರಿಗೆ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಒಕ್ಕಲು ಮನೆಯಲ್ಲಿ ಹುಟ್ಟಿದವರು 1962ರಲ್ಲಿ ಪಕ್ಷೇತರರಾಗಿ ನಿಂತು ವಿಧಾನಸಭೆಗೆ ಗೆದ್ದರು. 1994ರ ಡಿಸೆಂಬರಿನಲ್ಲಿ ಮುಖ್ಯಮಂತ್ರಿಯಾದರು. 1996ರ ಜೂನ್ 1ರಂದು ದೇಶದ ಪ್ರಧಾನಿಯಾದರು. ಇದನ್ನು ನಾವು ಹಗುರ ಮಾಡುವುದಿಲ್ಲ. ಮುದ್ದೆ ಉಣ್ಣುವವನಿಗೆ ದಿಲ್ಲಿ ಯಾಕೆ ಎಂದು ನಗುವವರ ಜೊತೆ ನಾವಿಲ್ಲ. ಆ ನಗುವಿನಲ್ಲಿ ಇರೋ ಅಸಹ್ಯ ನಮಗೂ ಚೆನ್ನಾಗಿ ಗೊತ್ತು.

ನಮ್ಮ ಪ್ರಶ್ನೆ ಬೇರೆ. ರೈತ ರಾಜಕೀಯಕ್ಕೆ ಹೊರಟರೆ ಅವನ ಹೊಲ ಬೀಳು ಬೀಳೋದಿಲ್ಲ. ಯಾರೋ ಉಳುತ್ತಾರೆ, ಯಾರೋ ಬಗ್ಗಿ ನಾಟಿ ಹಾಕುತ್ತಾರೆ, ಯಾರೋ ಸಗಣಿ ಬಾಚುತ್ತಾರೆ. ಸಭೆಗೆ ಹೋಗೋ ಬಿಡುವು ಅವನಿಗೆ ಸಿಕ್ಕಿದ್ದು ಇವರ ಬೆನ್ನಿನಿಂದ. ಕೂಲಿಗೆ ಹೋಗೋಳು ಒಂದು ದಿನ ಸಭೆಗೆ ಹೋದ್ರೆ ಸಂಜೆ ಒಲೆ ಹತ್ತೋದಿಲ್ಲ. ನಮ್ಮಪ್ಪ ಅವ್ವಂದಿರು ಯಾಕೆ ನಾಯಕರಾಗಲಿಲ್ಲ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಕಾನೂನು ನೋಡಿ. ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಫಾರಂ ನಂಬರ್ 7 ತುಂಬಿ ಭೂನ್ಯಾಯ ಮಂಡಳಿಗೆ ಹೋದ ಎಷ್ಟೋ ಗೇಣಿದಾರರು ಒಡೆಯರಾದರು. ಅದು ದೊಡ್ಡ ಕೆಲಸವೇ. ಆದರೆ ಕೂಲಿಯಾಳು, ಜೀತದಾಳು ಗೇಣಿದಾರರಲ್ಲ. ಉಳುವವನೇ ಹೊಲದೊಡೆಯ ಎಂದು ಊರೆಲ್ಲ ಕೂಗಿತು. ನೇಗಿಲ ಮೇಣಿ ಹಿಡಿದಿದ್ದ ನಮ್ಮವರು ಉಳುವವರ ಲೆಕ್ಕಕ್ಕೇ ಬರಲಿಲ್ಲ.

ಅದೇ ಕಾನೂನಿನಲ್ಲಿ ಒಂದು ಬೇಲಿಯಿತ್ತು. ಬೇಸಾಯವಲ್ಲದ ಬೇರೆ ಆದಾಯ ಹೆಚ್ಚಿದ್ದವನು ಕೃಷಿ ಭೂಮಿ ಕೊಳ್ಳುವಂತಿರಲಿಲ್ಲ. ಮಣ್ಣಿನ ಮಗನೇ ಮುಖ್ಯಮಂತ್ರಿಯಾಗಿದ್ದ 1995ರಲ್ಲಿ ಆ ಮಿತಿಯನ್ನು ವರ್ಷಕ್ಕೆ 2 ಲಕ್ಷ ರೂಪಾಯಿಗೆ ಏರಿಸಿದರು. 2015ರಲ್ಲಿ ಅದು 25 ಲಕ್ಷವಾಯಿತು. 2020ರಲ್ಲಿ ಬೇಲಿಯನ್ನೇ ಕಿತ್ತು ಹಾಕಿದರು. ಕಿತ್ತದ್ದು ಬಿ.ಎಸ್. ಯಡಿಯೂರಪ್ಪನವರ ಸರ್ಕಾರ. ವಿಧಾನ ಪರಿಷತ್ತಿನಲ್ಲಿ ಬೆಂಬಲ ಕೊಟ್ಟದ್ದು ದೇವೇಗೌಡರ ಪಕ್ಷ. ಇದೇ ಯಡಿಯೂರಪ್ಪನವರು 2008ರ ಮೇ 30ರಂದು ರೈತರ ಹೆಸರಿನಲ್ಲಿ ಪ್ರಮಾಣ ವಚನ ಮಾಡಿದ್ದರು. ಹನ್ನೊಂದನೇ ದಿನ, ಜೂನ್ 10ರಂದು, ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಯಿತು.

ಈಗ ದುಡ್ಡಿದ್ದವನು ಬಂದು ಹೊಲ ಕೊಳ್ಳಬಹುದು. ಸಣ್ಣ ರೈತ ಮಾರಿ ಕೂಲಿಗೆ ಇಳಿಯುತ್ತಾನೆ. ಅಲ್ಲಿ ಮೊದಲೇ ನಿಂತಿರೋರು ನಾವು. ನಿನ್ನೆ ನಮ್ಮನ್ನು ಹಟ್ಟಿಯ ಆಚೆ ನಿಲ್ಲಿಸಿದವನು ನಾಳೆ ನಮ್ಮ ಪಕ್ಕದಲ್ಲೇ ಕೂಲಿಗೆ ನಿಲ್ಲಬೇಕು. ಆಗಲಾದರೂ ಅವನಿಗೆ ಅರ್ಥವಾದೀತೇ? ರೈತನ ಮೇಲೆ ನಮಗೆ ಹಗೆಯಿಲ್ಲ. ರೈತ ಅನ್ನೋ ಮಾತಿನಿಂದ ನಮ್ಮನ್ನು ಹೊರಗಿಟ್ಟದ್ದರ ಮೇಲೆ ಸಿಟ್ಟಿದೆ.

ಹಳ್ಳಿ ಮೇಷ್ಟ್ರುಗಳೇ, ಹಾಸ್ಟೆಲಿನ ಗೆಳೆಯರೇ, ಹಸಿರು ಶಾಲಿನವನು ಓಟು ಕೇಳೋಕೆ ಬಂದಾಗ ಕಾಲಿಗೆ ಬೀಳಬೇಡಿ. ನಿಲ್ಲಿಸಿ ಕೇಳಿ: ನಿನ್ನ ಹೊಲದಲ್ಲಿ ಎಷ್ಟು ಜನ ದುಡೀತಾರೆ? ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಕೂಲಿ ಕೊಡ್ತೀಯಾ? ಅವರಿಗೆ ನಿನ್ನ ಮನೆಯೊಳಗೆ ನೀರು ಕೊಡ್ತೀಯಾ, ಇಲ್ಲಾ ಜಗುಲಿ ಕೆಳಗೆ ನಿಲ್ಲಿಸಿ ಹೊಯ್ತೀಯಾ? ಕಿತ್ತ ಬೇಲಿಯನ್ನು ಮತ್ತೆ ಹಾಕಿಸೋಕೆ ವಿಧಾನಸೌಧದಲ್ಲಿ ಕೈ ಎತ್ತುತೀಯಾ?

ಇಷ್ಟಕ್ಕೂ ಹೌದು ಅಂದವನಿಗೆ ಓಟು ಹಾಕೋಣ. ಉತ್ತರ ಹೇಳದೆ ಹೋದವನ ಜಾಗಕ್ಕೆ ನಮ್ಮ ಕೇರಿಯಿಂದಲೇ ಒಬ್ಬಳನ್ನು ನಿಲ್ಲಿಸೋಣ. ಅವಳ ಕೂಲಿ ಹೋದ ದಿನಗಳಿಗೆ ನಾವೆಲ್ಲ ಸೇರಿ ರಾಗಿ ಹಾಕೋಣ.